ಕಡೈವೀದಿಯ ಪಾವು

ಸರ್ಕಾರದ ಹಣ ಬಂದರೆ ತಮಿಳುನಾಡಿನ ಧಾರಾಪುರದ ಹಳೆ ಅಂಗಡಿಬೀದಿ ಕಡೈವೀದಿಗೆ ಜೀವ ಬರುತ್ತದೆ ಎಂದು ಎಲ್ಲರಿಗಿಂತ ಹೆಚ್ಚು ನಂಬಿದ್ದವಳು ಕಾಮಾಕ್ಷಿಯಮ್ಮ. ಬೀದಿಯ ಕೆಳತುದಿಯಲ್ಲಿ ಅವಳ ಸೀರೆ ಅಂಗಡಿ. ಬಸ್ ನಿಲ್ದಾಣ ಬೇರೆ ಕಡೆ ಹೋದಮೇಲೆ ಜನ ಒಂದು ಸಂದಿಯಿಂದ ಬಂದು, ಬೀದಿಯನ್ನು ನಡುಮಧ್ಯೆ ಅಡ್ಡ ದಾಟಿ, ಎದುರಿನ ಸಂದಿಯಲ್ಲಿ ಮಾಯವಾಗುತ್ತಿದ್ದರು. ಕೆಳತುದಿಯತ್ತ ಕತ್ತು ತಿರುಗಿಸುವವರೇ ಇಲ್ಲ. ಅವಳು ನಗರಸಭೆಯ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಅವಳ ಕಾಟ ತಾಳಲಾರದೆಯೇ ಹಣ ಮಂಜೂರಾಯಿತೆಂದು ಊರು ಆಡಿಕೊಂಡಿತು.

ಕಲ್ಲು ಚಪ್ಪಡಿ ಬಂತು, ದೀಪದ ಕಂಬ ಬಂತು, ಕೂರಲು ಬೆಂಚೂ ಬಂತು. ಕಮಿಷನರ್ ಹಾಕಿದ್ದು ಒಂದೇ ಷರತ್ತು: ಇನ್ನು ಬೀದಿಯಲ್ಲಿ ಪಾವು ಹಾಸಕೂಡದು. ಮಗ್ಗಕ್ಕೆ ಏರಿಸುವ ಮೊದಲು ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ ಒಣಗಿಸುತ್ತಾರಲ್ಲ, ಅದೇ ಪಾವು. ಕಾಮಾಕ್ಷಿಯಮ್ಮ ತಟ್ಟನೆ ಒಪ್ಪಿಬಿಟ್ಟಳು. ಸ್ವಂತ ಗಂಡ ಚೆನ್ನಕೇಶವನ್ ನೇಕಾರ. ಅವನನ್ನು ಒಂದು ಮಾತು ಕೇಳಲಿಲ್ಲ.

"ನಮ್ಮಪ್ಪ ಪಾವು ಆಸಿದ ಬೀದಿ ಇದು. ಯಾರ್ನ ಕೇಳ್ಬುಟ್ಟು ಒಪ್ಕೊಂಡೆ?" ಎಂದವನು ಪಾವನ್ನು ಹೊಳೆದಂಡೆಗೆ ಸಾಗಿಸಿದ. ಅಂದಿನಿಂದ ಮನೆಯಲ್ಲಿ ಮಾತು ಅಳತೆಯಷ್ಟೇ.

ವಾದ್ಯದ ಸಮೇತ ಉದ್ಘಾಟನೆಯಾಯಿತು. ಆಮೇಲೆ? ಜನ ಹೊಸ ಕಲ್ಲಿನ ಮೇಲೆ ಇನ್ನೂ ಚುರುಕಾಗಿ ಅಡ್ಡ ದಾಟಿದರು. ಕಾಮಾಕ್ಷಿಯಮ್ಮನಿಗೆ ಅಳು ಬಂತು. ಆಡಿ ತಿಂಗಳು ಮುಗಿದೊಡನೆ ಅಂಗಡಿ ಮುಚ್ಚುವುದೆಂದು ಒಳಗೊಳಗೇ ನಿಶ್ಚಯಿಸಿಕೊಂಡಳು.

ಅದೇ ಆಡಿಯಲ್ಲಿ ಅಮರಾವತಿ ಹೊಳೆ ಉಕ್ಕಿ ಹೊಳೆದಂಡೆ ನೀರಿನಡಿ ಹೋಯಿತು. ಬೆಳಿಗ್ಗೆ ಅಂಗಡಿ ತೆರೆಯಲು ಬಂದು ನೋಡಿದರೆ, ಬೀದಿಯುದ್ದಕ್ಕೂ ಪಾವು! ಕುಂಚ ಹಿಡಿದು ಗಂಜಿ ಸವರುತ್ತಿರುವವನು ಗಂಡ.

"ಏನುಂಗೊ, ನನ್ ಮಾನ ತೆಗೀಬೇಕುನ್ನೇ ಮಾಡ್ದಿರಾ? ಮೊದ್ಲು ಎತ್ತಿ!"

"ಗಂಜಿ ಕುಡ್ದ ಪಾವ್ನ ಒಣಗೋ ಮುಂಚೆ ಎತ್ತಕ್ಕಾಯ್ತದಾ? ನೀನೂ ನೇಕಾರ್ರ ಮಗಳ್ ತಾನೆ?"

ಅವಳು ಹೋಗಿ ಅಂಗಡಿ ತೆರೆದು ಸೀರೆಗಳನ್ನು ತೂಗುಹಾಕತೊಡಗಿದಳು.

ಅಷ್ಟರಲ್ಲಿ ಬಸ್ಸಿಳಿದ ಜನ ಸಂದಿಯಿಂದ ನುಗ್ಗಿ ಬಂದು ಪಾವಿನೆದುರು ಗಕ್ಕನೆ ನಿಂತರು. ಹಾಸಿದ ಪಾವನ್ನು ಆ ಊರಲ್ಲಿ ಯಾರೂ ದಾಟುವುದಿಲ್ಲ, ಅಡಿಯಲ್ಲೂ ನುಸುಳುವುದಿಲ್ಲ. ಅದು ನೇಕಾರರ ಕುಲದೇವತೆ ಚೌಡಮ್ಮನ ನೂಲು. ಗೊಣಗುತ್ತ ಎಲ್ಲರೂ ಕೆಳತುದಿ ಬಳಸಿ ಹೋಗಲು ಹೊರಟರು. ಹೋಗುತ್ತ ಒಬ್ಬ ಮೈಲ್‌ಸಾಮಿಯ ಪಾತ್ರೆ ಅಂಗಡಿಯಲ್ಲಿ ಚೊಂಬು ಕುಟ್ಟಿ ನೋಡಿದ. ಒಬ್ಬಳು ಕಾಮಾಕ್ಷಿಯಮ್ಮನ ಬಾಗಿಲಲ್ಲಿ ತೂಗುತ್ತಿದ್ದ ಕೆಂಪಂಚಿನ ಸೀರೆಯ ಸೆರಗು ಹಿಡಿದಳು. ಅವಳ ಹಿಂದೆ ಮತ್ತಿಬ್ಬರು. ನೋಡನೋಡುತ್ತ ಹೊಸ್ತಿಲಾಚೆ ಚಪ್ಪಲಿಗಳ ರಾಶಿ ಬಿತ್ತು.

ಆಗಲೇ ಬರಬೇಕೆ ಕಮಿಷನರ್! ಪಾವು ದಾಟಲು ಅವರು ಕಾಲೆತ್ತಿದ್ದೇ ತಡ, "ತಾಂಡಾದೀಂಗ ಸಾರ್!", ದಾಟಬೇಡಿ ಎಂದು ಬೀದಿಗೆ ಬೀದಿಯೇ ಕೂಗಿತು. ಎತ್ತಿದ ಕಾಲನ್ನು ಇಳಿಸಿ ಅವರೂ ಬಳಸಿಕೊಂಡು ಬಂದರು. ಕಾಮಾಕ್ಷಿಯಮ್ಮ ಕೈಮುಗಿದಳು. ಅವರು ಅಂಗಡಿಯೊಳಗಿನ ನೂಕುನುಗ್ಗಲು ನೋಡಿ, "ನಾವು ಕಲ್ಲು ಹಾಸಿದಾಗ ಇವರೆಲ್ಲ ಎಲ್ಲಿದ್ದರಮ್ಮ?" ಎಂದು ತಮಿಳಿನಲ್ಲಿ ಕೇಳಿ ತಾವೇ ನಕ್ಕರು. "ಬೆಳಗಿನ ಹೊತ್ತು ಹಾಸಿಕೊಳ್ಳಿ. ಗಂಜಿ ಮಾತ್ರ ತೊಳೆದುಬಿಡಿ."

ಸಂಜೆ ಮೈಲ್‌ಸಾಮಿ, ನಾಳೆಯೂ ಪಾವು ಹಾಸಿ ಎಂದು ದುಂಬಾಲು ಬಿದ್ದ. "ನನ್ ಏನ್ ಕೇಳ್ತೀರಿ? ಬೀದಿ ವಿಸ್ಯ ಎಲ್ಲಾ ಅವಳ್ದೇ," ಎಂದ ಚೆನ್ನಕೇಶವನ್. ಕಾಮಾಕ್ಷಿಯಮ್ಮನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮರುದಿನ ಬೆಳಕು ಹರಿಯುವಾಗ ಅವಳು ಯಾರೂ ಕರೆಯದೆಯೇ ಸೀರೆ ಎತ್ತಿಕಟ್ಟಿ ಬಂದು ಪಾವಿನ ಇನ್ನೊಂದು ತುದಿ ಹಿಡಿದಳು. ಅಂಗಡಿ ಇಟ್ಟಮೇಲೆ ಅದನ್ನು ಮುಟ್ಟಿರಲಿಲ್ಲ.

"ಈ ಸಲ ಕೇಳ್ಬುಟ್ಟೇ ಮಾಡ್ತೀನಿ," ಎಂದಳು. "ಎಳೀಲಾ?"

ಇಷ್ಟು ದಿನ ಮುಖ ಗಂಟಿಕ್ಕಿಕೊಂಡಿದ್ದವನು ಗೊಳ್ಳೆಂದು ನಕ್ಕ.

"ಎಳೀ, ಎಳೀ. ಬಸ್ ಬರೋ ಒತ್ತಾಯ್ತು."