ಎದುರಾಳಿಯ ಪರ ವಕಾಲತ್ತು

ಬೇರೆಯವರ ಮನೆಯ ಜಗಳ ಹೇಳಲು ನಿನಗೇನು ಅಧಿಕಾರ ಎಂದು ನೀವು ಕೇಳಬಹುದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಗುವಿನಲ್ಲಿ ಮುಗಿದ ಜಗಳ, ಹೇಳದೆ ಇರಲಾಗುತ್ತಿಲ್ಲ.

ಅಪ್ಪ ಬಿಟ್ಟುಹೋದ ಎರಡಂತಸ್ತಿನ ಕಟ್ಟಡಕ್ಕೆ ಮೂವರು ಮಕ್ಕಳೂ ಟ್ರಸ್ಟಿಗಳು. ಬಂದ ಬಾಡಿಗೆಯೆಲ್ಲ ಮೊಮ್ಮಕ್ಕಳ ಓದಿಗೆ. ಅಕ್ಕ ನಿವೃತ್ತ ಹೆಡ್‌ಮೇಡಂ, ಅಣ್ಣ ಬಸ್ ಡ್ರೈವರ್, ಕೊನೆಯವಳು ಹೊಲಿಗೆಯ ಪುಟ್ಟಿ.

ಪುಟ್ಟಿಯ ಅಂಗಡಿಯಿದ್ದ ಕಟ್ಟಡವನ್ನು ಅದರ ಮಾಲೀಕ ಕೆಡವಲು ಹೊರಟಿದ್ದ. ಇತ್ತ ಟ್ರಸ್ಟಿನ ಕಟ್ಟಡದ ಮುಂಭಾಗದ ಕೋಣೆ ಖಾಲಿಯಾಗಿತ್ತು. ಬೀದಿ ಕಡೆಗೆ ದೊಡ್ಡ ಕಿಟಕಿ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗಲೂ ದೀಪ ಬೇಡದಷ್ಟು ಬೆಳಕು. ಹೊರಗಿನವರಷ್ಟೇ ಬಾಡಿಗೆ ಕೊಡುತ್ತೇನೆ ಎಂದು ಕೇಳಿದ್ದಳು. ಸಿಗದಿದ್ದರೆ ಯಂತ್ರಗಳನ್ನು ಮಾರಿ ಇನ್ನೊಬ್ಬರ ಕೈಕೆಳಗೆ ಗುಂಡಿ ಹೊಲಿಯಬೇಕು.

ಟ್ರಸ್ಟಿಯೇ ಏನನ್ನಾದರೂ ಕೇಳಿದರೆ ಕೇಳಿದವರು ಹೊರಗೆ ಕೂರಬೇಕು, ಉಳಿದಿಬ್ಬರೂ ಒಪ್ಪಬೇಕು. ಅದು ಬರೆದಿಟ್ಟ ನಿಯಮ. ಇನ್ನೊಂದು ಅಪ್ಪ ಊಟದ ಮೇಜಿನಲ್ಲಿ ಕಲಿಸಿದ್ದು: ಮಾತಿಗೆ ಮಾತು ಬೆಳೆಯುವ ಮುಂಚೆ ಎದುರಾಳಿಯ ಪರ ವಾದಿಸಬೇಕು, ಆತ ತಲೆದೂಗುವ ತನಕ.

ಪುಟ್ಟಿ ಮೆಟ್ಟಿಲ ಮೇಲೆ ಕೂತು ಅಳತೆ ಟೇಪನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಕೊಡೋಣ ಎಂದವನು ಅಣ್ಣ, ಬೇಡ ಎಂದವಳು ಅಕ್ಕ.

"ಸರಿ, ನಿನ್ನ ಪರ ಹೇಳ್ತೀನಿ ಕೇಳು," ಒಳಗೆ ಅಕ್ಕನ ದನಿ. "ಹೊರಗಿನವನು ಬಂದರೆ ಗೋಡೆಗೆ ಮೊಳೆ ಹೊಡೆದು ಹೊಡೆದು ಜರಡಿ ಮಾಡ್ತಾನೆ. ಇವಳು ಗೋಡೆಗೂ ಅಂಚು ಹೊಲಿದಿಡ್ತಾಳೆ."

"ಭೇಷ್ ಅಕ್ಕಾ! ನನಗೇ ಇಷ್ಟು ಚೆನ್ನಾಗಿ ಹೇಳೋಕೆ ಬರಲ್ಲ. ಈಗ ನಿನ್ನ ಪರ. ತಂಗಿ ಬಾಡಿಗೆ ಉಳಿಸ್ಕೊಂಡರೆ ಯಾವ ಬಾಯಲ್ಲಿ ಕೇಳೋದು? ನಾಳೆ ನನ್ನ ಮಗ ಗ್ಯಾರೇಜಿಗೆ ಜಾಗ ಕೊಡಿ ಅಂತಾನೆ, ನಿನ್ನ ಅಳಿಯ ಜಿಮ್ಮಿಗೆ ಅಂತಾನೆ. ಮಕ್ಕಳ ಓದು ಮೂಲೆಗೆ ಬಿತ್ತು... ಅಯ್ಯೋ, ಇದು ನಿಜ ಅಲ್ವಾ? ಬೇಡ ಬಿಡು."

"ಬೇಡ ಅಂದ್ರೆ? ಗೋಡೆ ವಿಷಯ ಯೋಚಿಸು. ಕೊಡೋಣ."

"ನೀನೇ ತಾನೆ ಬೇಡ ಅಂದಿದ್ದು?"

"ಬೇಕು ಅಂದಿದ್ದು ನೀನೇ ತಾನೆ?"

ಇಬ್ಬರೂ ಪಕ್ಷ ಬದಲಿಸಿ ಮತ್ತೆ ಎದುರುಬದುರಾಗಿದ್ದರು! ನಗಬೇಕೋ ಅಳಬೇಕೋ ತಿಳಿಯದೆ ಪುಟ್ಟಿ ಒಳಗೆ ನುಗ್ಗಿದಳು.

"ಹೊರಗೆ ಕೂರೇ!" ಅಕ್ಕ ಗದರಿದಳು.

"ನಾನೂ ಎದುರಾಳಿ ಪರ ಹೇಳಿ ಹೋಗ್ತೀನಿ. ಒಂದು ತಿಂಗಳು ಕೆಲಸ ಇದ್ದರೆ ಇನ್ನೊಂದು ತಿಂಗಳು ಇರಲ್ಲ. ಬಾಡಿಗೆ ತಡವಾದರೆ ನಿಮಗೆ ಕೇಳೋಕೆ ಸಂಕೋಚ, ನನಗೆ ಮುಖ ತೋರಿಸೋಕೆ ನಾಚಿಕೆ. ಕೊನೆಗೆ ಮಾತೇ ನಿಂತುಹೋಗುತ್ತೆ. ಅದಕ್ಕಿಂತ ಕೋಣೆ ಬೇಡ." ಬಾಯಿಮಾತಿಗೆ ಹೇಳಿದ್ದಲ್ಲ, ಟೇಪು ಸುತ್ತಿಕೊಂಡು ಹೊರಡಲು ತಿರುಗಿಯೇಬಿಟ್ಟಳು.

ಅಣ್ಣ ದಡಕ್ಕನೆ ಎದ್ದ. "ಸಂಕೋಚವಂತೆ! ನಮ್ಮತ್ತೆಗೇ ಟಿಕೆಟ್ ತಗೊಳ್ಳಿ ಅಂದವನು ನಾನು. ಬಾಗಿಲಿಗೇ ಬಸ್ ತಂದು ಹಾರನ್ ಹೊಡೆದು ಕೇಳ್ತೀನಿ!"

"ನಾನು ಬೆಂಚಿನ ಮೇಲೆ ನಿಲ್ಲಿಸಿ ಕೇಳ್ತೀನಿ," ಎಂದಳು ಅಕ್ಕ.

"ಕೇಳೋಕೆ ಆಗುತ್ತೆ ಅಂದಮೇಲೆ ಕೊಡೋಕೇನು? ಆದರೆ ನನ್ನ ಮಗನಿಗೆ ಗ್ಯಾರೇಜಿಲ್ಲ."

"ನನ್ನ ಅಳಿಯನಿಗೆ ಜಿಮ್ಮಿಲ್ಲ. ಮೊದಲು ಅವನು ಮೆಟ್ಟಿಲು ಹತ್ತಲಿ!"

ಮೂವರೂ ನಕ್ಕ ನಗುವಿಗೆ ಮಹಡಿಯ ಬಾಡಿಗೆದಾರ ಗಾಬರಿಯಿಂದ ಇಳಿದುಬಂದ. ಪುಟ್ಟಿ ಅವನ ಕೈಗೇ ಟೇಪಿನ ಒಂದು ತುದಿ ಕೊಟ್ಟು ಕಿಟಕಿಯ ಅಗಲ ಅಳೆದಳು.

ಅಕ್ಕ ತನ್ನದೇ ವಾದಕ್ಕೆ ಕರಗಿದಳೋ, ಕರಗಲೆಂದೇ ಅಷ್ಟು ಚೆನ್ನಾಗಿ ವಾದಿಸಿದಳೋ, ನನಗೆ ಗೊತ್ತಿಲ್ಲ. ಪುಟ್ಟಿಯೂ ಕೇಳಿಲ್ಲ.