ಮೊಮ್ಮಗಳ ಮಾತೃಭಾಷೆ

ಜನಗಣತಿಯ ಹುಡುಗಿ ಬಾಗಿಲಲ್ಲಿ ನಿಂತಾಗಲೇ ನನಗೆ ಅವಳ ಮೇಲೆ ನಂಬಿಕೆ ಹುಟ್ಟಲಿಲ್ಲ. ಕಳೆದ ಸಲ ಬಂದವನು ನಮ್ಮ ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿದ, ಏನೋ ಬರೆದುಕೊಂಡ, ತೋರಿಸದೆ ಹೋದ. ಇಡೀ ಗಲ್ಲಿಗೆ ಮಾತೃಭಾಷೆ ಪಂಜಾಬಿ ಎಂದು ಬರೆದನಂತೆ ಎಂದು ಆಮೇಲೆ ಜನ ಆಡಿಕೊಂಡರು. ಇದೇ ಕೋಟ್ ಅಡ್ಡು ಊರಿನಲ್ಲಿ ಹುಟ್ಟಿ ಐವತ್ತೆರಡು ವರ್ಷ ನಮ್ಮ ಸರಾಯ್ಕಿ ಭಾಷೆಯಲ್ಲೇ ಅತ್ತು, ನಕ್ಕು, ಜಗಳವಾಡಿದವಳು ನಾನು.

"ಹೆಸರೇನಮ್ಮ ನಿಂದು?"

"ತಹ್ರೀಮ್, ಮಾಸಿ. ಟೀಚರ್."

"ಯಾವ ಕಡೆಯವರು? ಅಪ್ಪ ಏನು ಮಾಡ್ತಾರೆ?"

"ಗಣತಿ ಮಾಡೋಕೆ ಬಂದಿರೋದು ನಾನು, ಮಾಸಿ," ಎಂದು ನಕ್ಕಳು.

"ಮಾಡು. ಆದ್ರೆ ಇಲ್ಲಿ ನನ್ನ ಪಕ್ಕ ಕೂತ್ಕೊಂಡು ಮಾಡು. ಆ ಟ್ಯಾಬ್‌ನಲ್ಲಿ ನೀನು ಒತ್ತೋದು ನಂಗೆ ಕಾಣ್ಬೇಕು."

"ಓದೋಕೆ ಬರುತ್ತಾ?"

"ಸರಾಯ್ಕಿ ಅನ್ನೋದನ್ನ ಓದೋಷ್ಟು ಬರುತ್ತೆ."

ನನ್ನ ಹೆಸರಿನ ಮುಂದೆ ಸರಾಯ್ಕಿ ಎಂದು ಒತ್ತಿದಳು. ಮಗ ಅಲ್ತಾಫನಿಗೂ ಅದೇ. ಚಹಾ ತಂದ ಸೊಸೆ ಸುಂಬಲ್, "ನಂಗೂ ಸರಾಯ್ಕಿನೇ," ಎಂದಳು. "ಮಗು ಈಶಾಲ್‌ಗೆ ಉರ್ದು."

ಅಂದರೆ ನಾನು ಕಾಯುತ್ತಿದ್ದದ್ದು ತಪ್ಪು ಬಾಗಿಲನ್ನು. ಎರಡು ವರ್ಷದಿಂದ ಈ ಸೊಸೆ ಮಗುವನ್ನು ಕೋಣೆಗೆ ಕರೆದುಕೊಂಡು ಹೋಗಿ ಉರ್ದು ತುಂಬುತ್ತಿದ್ದಾಳೆ ಎಂದು ನನಗೆ ಅನುಮಾನವಿತ್ತು.

"ನೀನೇ ಕಲಿಸಿ ನೀನೇ ಬರೆಸ್ತೀಯಾ?"

"ನಾನೊಬ್ಳೇನಾ ಅಮ್ಮಾಂ? ಬೆಳಿಗ್ಗೆ ಹಾಲು ಕುಡಿ ಬಾ ಅಂತ ಅವಳನ್ನ ಯಾವ ಭಾಷೆಲಿ ಕರೆದ್ರಿ?"

ನೆನಪಾಯಿತು. ಹರಕು ಮುರುಕು ಉರ್ದುವಿನಲ್ಲಿ. ಒಮ್ಮೆ ಶಾಲೆಯ ಗೇಟಿನ ಹತ್ತಿರ ಈಶಾಲಳ ಗೆಳತಿಯರು ನನ್ನ ಸರಾಯ್ಕಿ ಮಾತಿಗೆ ಕಿಸಕ್ಕೆಂದಿದ್ದರು. ಮಗು ನನ್ನ ಕೈ ಬಿಟ್ಟಿತ್ತು. ಅಂದಿನಿಂದ ನಾನೇ ಬದಲಾಯಿಸಿಕೊಂಡಿದ್ದೆ. ಯಾರೂ ಹೇಳಿರಲಿಲ್ಲ.

ಆದರೂ ಸೋಲಲು ಮನಸ್ಸಾಗಲಿಲ್ಲ. ಈಶಾಲಳನ್ನು ಕರೆದು, ಗೋಡೆಯ ಬಳಿ ಕಟ್ಟಿದ್ದ ಆಡನ್ನು ತೋರಿಸಿ ಅದೇನೆಂದು ಕೇಳಿದೆ. ಎರಡು ಭಾಷೆಗೂ ಒಂದೇ ಪದ, ಬಕ್ರಿ. ಆದರೆ ನಮ್ಮ 'ಬ' ತುಟಿಯಿಂದ ಹೊರಗೆ ಬೀಳುವುದಿಲ್ಲ. ಗುಟುಕು ನೀರಿನಂತೆ ಒಳಕ್ಕೆ ಇಳಿಯುತ್ತದೆ.

"ಬಕ್ರಿ," ಎಂದಳು ಈಶಾಲ್. 'ಬ' ಟಿವಿಯಲ್ಲಿ ಸುದ್ದಿ ಓದುವವರ ಹಾಗೆ ಹೊರಗೆ ಬಿತ್ತು.

ಯಾರೂ ನಗಲಿಲ್ಲ. ತಹ್ರೀಮ್ ನನ್ನ ಕಡೆ ವಾಲಿ, ಅಪ್ಪಟ ಸರಾಯ್ಕಿಯಲ್ಲಿ ಮೆಲ್ಲಗೆ ಹೇಳಿದಳು: "ಮಾಸಿ, ಮನೆಯವರು ಹೇಳಿದ್ದನ್ನೇ ನಾನು ಬರ್ಕೊಳ್ಳೋದು. ಸರಾಯ್ಕಿ ಅಂತ ಒತ್ತಲಾ?"

ಸುಂಬಲ್ ಅಡ್ಡ ಬರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಬರೆದುಕೊಂಡಾಳೆಂದೇ ಈ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡವಳು ನಾನು.

"ಉರ್ದು ಅಂತ್ಲೇ ಒತ್ತು," ಎಂದೆ. "ಇರೋದನ್ನ ಬರಿ."

ಅವಳು ಒತ್ತಿದಳು. ಈಶಾಲ್ ನನ್ನ ಮಂಡಿ ಹಿಡಿದುಕೊಂಡು, "ಅಜ್ಜಿ, ನಾನು ತಪ್ಪು ಹೇಳಿದ್ನಾ?" ಎಂದು ಉರ್ದುವಿನಲ್ಲಿ ಕೇಳಿದಳು.

ಉತ್ತರವೂ ಉರ್ದುವಿನಲ್ಲೇ ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ತಡೆದು, ಸರಾಯ್ಕಿಯಲ್ಲಿ, "ಇಲ್ಲ ಕಂದ, ತಪ್ಪು ನಂದು," ಎಂದೆ. ಅವಳು ಅಮ್ಮನ ಮುಖ ನೋಡಿದಳು, ನಾನು ಹೇಳಿದ್ದರ ಅರ್ಥ ಕೇಳುವವಳಂತೆ.