ಅಂಗಾಲಿಗೆ ತಿಳಿಯದ ಬರ್ಫ

ವಾಡಿ ಜಂಕ್ಷನ್ನಿನ ಆಚೆ, ಹಳಿಗಳ ಮಗ್ಗುಲಿಗೆ ನಮ್ಮ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ. ನಿಜಾಮರ ಮೇಲಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಶುರುವಾದದ್ದು. ಉಪ್ಪುನೀರಿನ ತೊಟ್ಟಿಗಳ ಥರ್ಮಾಮೀಟರ್ ನೋಡಿ ಬರೆದಿಡುವುದು ನನ್ನ ಕೆಲಸ. ಹೈದರಾಬಾದಿನಲ್ಲಿ ಬಿ.ಎಸ್‌ಸಿ. ಓದಿದವಳು ಎಂದು ಮ್ಯಾನೇಜರರು ಕೊಟ್ಟರು. ನಿಜವಾದ ಕಾರಣ ಬೇರೆ. ನನ್ನ ಗಂಡ ಗುರುಲಿಂಗಪ್ಪ ಇಲ್ಲಿ ಫೋರ್‌ಮನ್ ಆಗಿದ್ದರು. ಒಂಬತ್ತು ತಿಂಗಳ ಹಿಂದೆ ಹಾಪರಿನಲ್ಲಿ ಸತ್ತರು.

ಹಾಪರೆಂದರೆ ಮೇಲೆ ಅಗಲ, ಕೆಳಗೆ ಕಿರಿದಾದ ಕಬ್ಬಿಣದ ತೊಟ್ಟಿ. ಮೂರು ಆಳಿನ ಎತ್ತರ. ಪುಡಿ ಮಾಡಿದ ಬರ್ಫ ಮೇಲಿಂದ ಬೀಳುತ್ತದೆ, ಕೆಳಗಿನ ಬಾಯಿಂದ ರೈಲಿನ ಮೀನಿನ ಡಬ್ಬಿಗಳಿಗೆ ಇಳಿಯುತ್ತದೆ. ಅಲ್ಲಿ ಉಪ್ಪು ಬೆರೆತು ಮೀನು ಕಲ್ಲಾಗುತ್ತದೆ. ಆದರೆ ಒಮ್ಮೊಮ್ಮೆ ಬರ್ಫ ತನಗೆ ತಾನೇ ಅಂಟಿ ಹಾಪರಿನ ನಡುವೆ ಕಮಾನು ಕಟ್ಟುತ್ತದೆ. ಮೇಲಿಂದ ನೋಡಿದರೆ ತುಂಬಿದೆ. ಕೆಳಗೆ ಟೊಳ್ಳು.

ಆಗ ಒಬ್ಬ ಹಾರೆ ಹಿಡಿದು ಒಳಗಿಳಿಯಬೇಕು.

ಇಲ್ಲಿಯ ಕೆಲಸಗಾರರು ರಾವೂರದ ಕಲ್ಲಿನ ಗಣಿಯಿಂದ ಬಂದವರು. ಗಣಿಯಲ್ಲಿ ಕಲ್ಲಿನ ರಾಶಿ ಹತ್ತುವಾಗ ಕೆರ ಬಿಟ್ಟು ಬರಿಗಾಲಾಗುತ್ತಾರೆ. ರಾಶಿ ಜಾರುವ ಮುಂಚೆ ಅಂಗಾಲಿಗೆ ತಿಳಿಯುತ್ತದೆ. ಆ ರೂಢಿಯನ್ನೇ ಇಲ್ಲಿಗೂ ತಂದರು. ತಿನ್ನುವ ಪದಾರ್ಥಕ್ಕೆ ಹಾಕುವ ಬರ್ಫವನ್ನು ಕೆರ ಮೆಟ್ಟಿ ತುಳಿಯಬಾರದೆಂಬುದೂ ಅದಕ್ಕೆ ಸೇರಿತು. ಬರ್ಫದ ಮೇಲೆ ಅಂಗಾಲು ಎರಡು ನಿಮಿಷಕ್ಕೆ ಜಡವಾಗುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗುರುಲಿಂಗಪ್ಪನವರೂ ಹಿಡಿಯಲಿಲ್ಲ. ಅವರ ಕೊನೆಯ ಮಾತು, "ಗಟ್ಟಿ ಐತಿ, ಏನೂ ಅಲುಗಾಡವಲ್ದು." ಸೊಂಟಕ್ಕೆ ಹಗ್ಗವಿತ್ತು. ನಾಲ್ಕು ಮಂದಿ ಜಗ್ಗಿದರೂ ಮೈಮೇಲೆ ಬಿದ್ದ ಬರ್ಫ ಬಿಡಲಿಲ್ಲ.

ಅವರು ಬರೆದಿಡುತ್ತಿದ್ದ ವಹಿಯಲ್ಲಿ ಒಂದು ಚಿತ್ರವಿತ್ತು. ಹಾಪರಿನ ಬುಡದಲ್ಲಿ ಉದ್ದಕ್ಕೂ ತಿರುಗುವ ಒಂದು ತಿರುಪು. ಅದು ಬರ್ಫವನ್ನು ಎಳೆದು ಹೊರಗೆ ತಳ್ಳಿದರೆ ಕಮಾನು ಕಟ್ಟುವುದಿಲ್ಲ, ಯಾರೂ ಇಳಿಯಬೇಕಿಲ್ಲ. ನಾನು ಅದನ್ನು ಆರು ವಾರ ನೋಡಿದೆ. ತಿರುಪಿನ ಸುತ್ತುಗಳ ನಡುವಿನ ಜಾಗ ಎಲ್ಲ ಕಡೆ ಒಂದೇ ಇತ್ತು. ಹಾಗಾದರೆ ಹಿಂದಿನ ತುದಿಯಲ್ಲೇ ಅದು ತುಂಬಿಬಿಡುತ್ತದೆ, ಮುಂದಿನ ಬರ್ಫಕ್ಕೆ ಜಾಗ ಉಳಿಯುವುದಿಲ್ಲ, ಅದು ನಿಂತಲ್ಲೇ ಅಂಟಿ ಕಮಾನಿಗೆ ಆಸರೆಯಾಗುತ್ತದೆ. ಸುತ್ತುಗಳು ಮುಂದೆ ಹೋದಂತೆ ಅಗಲವಾಗಬೇಕು. ಹಾಗೆ ಬೇರೆ ಕಾಗದದಲ್ಲಿ ಬರೆದೆ. ವಹಿಯ ಜೊತೆಗೆ ಫಿಟ್ಟರ್ ಮಜೀದಸಾಬರಿಗೆ ಕೊಟ್ಟೆ.

ಇವತ್ತು ಮಧ್ಯಾಹ್ನ ಅದರ ಪರೀಕ್ಷೆ. ಮೀನಿನ ಡಬ್ಬಿಗಳು ಬಂದು ನಿಂತಿದ್ದವು. ರೈಲು ನಲವತ್ತು ನಿಮಿಷ ನಿಲ್ಲುತ್ತದೆ.

"ಅಕ್ಕಾರ, ಮೀನಿನ ವಾಸನಿ ಬಂದ್ರ ಮೂಗು ಮುಚ್ಕೊಳ್ಳೋ ಮಂದಿ ನೀವು. ಅದಕ್ಕ ಥಂಡಿ ಆಗ್ಲಿ ಅಂತ ಇಷ್ಟು ಬಡದಾಡ್ತೀರಿ!" ಎಂದು ಕೆಲಸಗಾರ ಸಾಯಬಣ್ಣ ನಕ್ಕ. ಗುರುಲಿಂಗಪ್ಪನವರು ಸತ್ತ ದಿನ ಹಗ್ಗದ ತುದಿ ಹಿಡಿದಿದ್ದವನು ಇವನೇ.

ಮೋಟಾರು ಶುರುವಾಯಿತು. ಬರ್ಫ ಸುರಿಯಿತು. ಎಲ್ಲರೂ ಕೂಗಿದರು. ಐದು ನಿಮಿಷಕ್ಕೆ ನಿಂತುಹೋಯಿತು. ತಿರುಪು ಬರಿದೇ ತಿರುಗುತ್ತಿತ್ತು.

"ಬಂದ್ ಮಾಡ್ರಿ," ಮ್ಯಾನೇಜರರು ಗಡಿಯಾರ ನೋಡಿದರು. "ಸಾಯಬಣ್ಣ, ಇಳಿ."

ಸಾಯಬಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಏಣಿಯ ಬುಡದಲ್ಲಿ ಕೆರ ಬಿಟ್ಟ.

ಒಂಬತ್ತು ತಿಂಗಳಿಂದ ನನಗೆ ಏನೂ ಅನಿಸಿರಲಿಲ್ಲ. ಊಟದ ರುಚಿಯಾಗಲಿ, ಅಳುವಾಗಲಿ. ಆ ಕೆರ ನೋಡಿದ ಕೂಡಲೇ ಹೆದರಿಕೆಯಾಯಿತು.

ಹಾಪರಿನ ಹೊರಮೈಗೆ ಸುತ್ತಿಗೆಯಿಂದ ಬಡಿದೆ. ಹಿಂದಿನ ತುದಿಯಲ್ಲಿ ಬುಡ ಗಂಟೆಯಂತೆ ಮೊಳಗಿತು. ಎದೆಮಟ್ಟಕ್ಕೆ ಬಡಿದರೂ ಟೊಳ್ಳು. ಹಿಂದೆಂದೂ ಇಷ್ಟು ದೊಡ್ಡ ಕಮಾನು ಕಟ್ಟಿರಲಿಲ್ಲ.

"ಮಜೀದಸಾಬ, ತಿರುಪು ಯಾವ ಕಾಗದ ನೋಡಿ ಮಾಡಿದಿರಿ?"

ಅವರು ಟೊಪ್ಪಿಗೆ ತೆಗೆದರು. "ನಿಮ್ಮ ಯಜಮಾನರ ವಹಿ ನೋಡೇ ಮಾಡೀನ್ರಿ ಬಾಯಿಸಾಹೇಬ್ರ. ನಿಮ್ಮ ಕಾಗದಾನೂ ನೋಡ್ದೆ. ಖರೆ, ಸತ್ತವರು ಬರದಿದ್ದು ಬದಲ ಮಾಡೂದು ಗುನಾ ಅಲ್ಲೇನ್ರಿ, ಪಾಪ ಅಲ್ಲೇನ್ರಿ? ಇಜ್ಜತ್ ಇಡಬೇಕಂತ..."

ನಾನು ಏಣಿ ಹತ್ತಿದೆ. ಮೇಲೆ ಹಗ್ಗ ಹಿಡಿದು ಮೂವರಿದ್ದರು. ಸಾಯಬಣ್ಣ ಆಗಲೇ ಒಳಗೆ, ಬಿಳಿಯ ರಾಶಿಯ ನಡುವೆ. ಹಾರೆಯಿಂದ ಎರಡು ಪೆಟ್ಟು ಹಾಕಿದ್ದ.

"ಸಾಯಬಣ್ಣ, ಹಾರೆ ಬಿಡು. ಹೊರಗ ಬಾ."

"ಹೆದರಬ್ಯಾಡ್ರಿ ಅಕ್ಕಾರ. ಗಟ್ಟಿ ಐತಿ. ಏನೂ ಅಲುಗಾಡವಲ್ದು."

ಅದೇ ಮಾತು.

"ನಿನ್ನ ಕಾಲು ಮರಗಟ್ಟ್ಯಾವ! ಅವಕ್ಕ ಏನು ತಿಳೀತದ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬೋರಲ ಮಲಗು. ಬರಿ ಹೊಟ್ಟಿ ಹಚ್ಚಿ ನೋಡು, ಅದಕ್ಕ ತಿಳೀತದ."

"ಏನಂತೀರಿ?"

"ಮಲಗೋ!"

ಕೆಳಗಿಂದ ಮ್ಯಾನೇಜರರು ಕೂಗಿದರು, "ಬಾಯಿ, ಇದೇನು ಮಾಡಾಕತ್ತೀರಿ? ರೈಲು ಹೋಗ್ತದ!"

ಸಾಯಬಣ್ಣ ನನ್ನ ಮುಖ ನೋಡಿದ. ಏನು ಕಂಡನೋ, ಅಂಗಿ ಮೇಲೆತ್ತಿ ಬೋರಲು ಮಲಗಿದ. ಬರಿ ಹೊಟ್ಟೆ ಬರ್ಫಕ್ಕೆ ತಾಗಿ ಉಸಿರು ಸೆಳೆದ. ನಾನು ಎಣಿಸುತ್ತಿದ್ದೆ. ಒಂದು. ಎರಡು. ಮೂರು.

ಅವನ ಕಣ್ಣು ಅಗಲವಾದವು.

"ಅಕ್ಕಾರ," ಅವನು ಪಿಸುಗುಟ್ಟಿದ, "ನಡಗಾಕತ್ತೈತ್ರಿ."

"ಜಗ್ಗ್ರಿ!"

ನಾಲ್ವರೂ ಜಗ್ಗಿದೆವು. ಮಲಗಿದ್ದವನು ಜಾರಿಕೊಂಡು ಬಂದ, ಅವನ ಎದೆ ಅಂಚಿಗೆ ಬಡಿಯಿತು. ಕಾಲು ಇನ್ನೂ ಒಳಗಿದ್ದಾಗಲೇ ಅವನ ಹಿಂದೆ ಬರ್ಫ ಇಲ್ಲವಾಯಿತು. ಸದ್ದು ಆಮೇಲೆ ಬಂತು. ಹಾರೆ ಎಲ್ಲಿ ಹೋಯಿತೋ ಕಾಣಲಿಲ್ಲ.

ಅವನನ್ನು ಹಿಡಿದು ಕೆಳಗಿಳಿಸಿದೆವು. ರೈಲು ಅರ್ಧ ತುಂಬಿಕೊಂಡೇ ಸೀಟಿ ಹಾಕಿ ಹೋಯಿತು. ಮ್ಯಾನೇಜರರು ಹಾಪರಿನ ಕಡೆ ನೋಡುತ್ತ ನಿಂತಿದ್ದರು. ಗಡಿಯಾರ ನೋಡಲಿಲ್ಲ.

ನಾನು ಗೋಣಿಚೀಲ ತಂದು ಸಾಯಬಣ್ಣನ ಕಾಲು ತಿಕ್ಕತೊಡಗಿದೆ.

"ಬ್ಯಾಡ್ರಿ ಅಕ್ಕಾರ, ನೀವು ನನ್ನ ಕಾಲು..."

"ಸುಮ್ನಿರು. ಈಗ ತಿಳಿತದೇನು?"

"ಇಲ್ರಿ."

ಇನ್ನಷ್ಟು ತಿಕ್ಕಿದೆ. ಅವನ ಬೆರಳು ನನ್ನ ಕೈಯಲ್ಲಿ ಸೌದೆಯಂತಿದ್ದವು.

"ಈಗ?"

"ಈಗ ಉರಿಯಾಕತ್ತಾವ್ರಿ." ಅವನು ಅಳುತ್ತಿದ್ದ. "ಅವತ್ತು ನಾನೂ ಅವರಿಗಿ ಹಿಂಗ ಮಲಗ್ರಿ ಅಂದಿದ್ರ..."

"ಅವತ್ತು ಯಾರಿಗೂ ಗೊತ್ತಿರಲಿಲ್ಲ," ಎಂದೆ. ನನಗೂ ಗೊತ್ತಿರಲಿಲ್ಲ.

ಮಜೀದಸಾಬರು ವಹಿಯನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನಿಂತರು. "ಬಾಯಿ, ತಿರುಪು ಹೊಸಾದು ಮಾಡ್ತೀನ್ರಿ. ಇದನ್ನ ಏನು ಮಾಡ್ಲಿ?"

ಗುರುಲಿಂಗಪ್ಪನವರ ಅಕ್ಷರ. ಮೂಲೆಯಲ್ಲಿ ಅವರ ಸಹಿ. ಬೇರೆ ಕಾಗದದಲ್ಲಿ ಬದಲು ಮಾಡಿದ್ದೆ, ಆದರೆ ಅವರದು ತಪ್ಪು ಎಂದು ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ವಹಿ, ಕಾಗದ ಎರಡನ್ನೂ ಜೊತೆಗೆ ಕೊಟ್ಟು ಸುಮ್ಮನಿದ್ದೆ.

"ಪೆನ್ಸಿಲ್ ಕೊಡ್ರಿ," ಎಂದೆ.

ಎಲ್ಲರೂ ನೋಡುತ್ತಿದ್ದಾಗಲೇ ಆ ಚಿತ್ರದ ಮೇಲೆ ಅಡ್ಡ ಗೆರೆ ಎಳೆದೆ. ಗೆರೆ ನೆಟ್ಟಗೆ ಬರಲಿಲ್ಲ. ಇನ್ನೊಂದು ಎಳೆದೆ.